ಅವ್ವನ ಕಿಟಕಿಯ ಅಳತೆ

ಕಳೆದ ಸೋಮವಾರ ನಂಜನಗೂಡಿನಿಂದ ನರಸೀಪುರಕ್ಕೆ ಬಸ್ಸಿನಲ್ಲಿ ಬರುವಾಗ ನನ್ನ ತೊಡೆಯ ಮೇಲೆ ಹಳೆಯ ಸೀರೆಯಲ್ಲಿ ಸುತ್ತಿದ ಒಂದು ಕಟ್ಟಿತ್ತು. ಪಕ್ಕದಲ್ಲಿ ಕೂತಿದ್ದ ಹೆಂಗಸು ಎರಡು ಸಲ ಮೂಗರಳಿಸಿ, "ಏನ್ ಸಾ ಇದು, ಗಮ್ ಅಂತದೆ" ಎಂದರು. ಲಾವಂಚ ಎಂದೆ. ಮೂರು ವರ್ಷ ಮೂಲೆಯಲ್ಲಿ ಒಣಗುತ್ತಾ ಕೂತಿದ್ದರೂ ಆ ಬೇರಿನ ವಾಸನೆ ಹೋಗಿರಲಿಲ್ಲ. ಸೆಕೆಗೆ ನನ್ನ ಅಂಗೈ ಬೆವೆತು, ಆ ತೇವಕ್ಕೆ ಇನ್ನಷ್ಟು ಎದ್ದಿತು… ಐವತ್ತೈದು ದಾಟಿದ ಗಂಡಸು ಬಸ್ಸಿನಲ್ಲಿ ಕಣ್ಣೊರೆಸಿಕೊಂಡರೆ ಜನ ಏನಾಯಿತೆಂದು ಕೇಳುತ್ತಾರೆ. ನಾನು ಹೊರಗೆ ನೋಡುತ್ತಾ ಕೂತೆ.

ಆ ವಾಸನೆ ಒಬ್ಬ ಅಂಗಡಿಯವರದು. ನಂಜನಗೂಡಿನಲ್ಲಿ ನಾನು ಕೆಲಸ ಮಾಡುವ ಸರ್ಕಾರಿ ಕಚೇರಿಯ ಹಿಂದಿನ ರಸ್ತೆಯಲ್ಲಿ ಅವರ ಅಂಗಡಿ ಇತ್ತು. ಫ್ಯಾನು, ಕೂಲರು, ಗೀಸರು, ಆಮೇಲಾಮೇಲೆ ಎಸಿಯನ್ನೂ ಮಾರುತ್ತಿದ್ದರು. ಬೇಸಿಗೆ ಬಂತೆಂದರೆ ಬಾಗಿಲ ಬಳಿ ಮಣೆ ಹಾಕಿಕೊಂಡು ಕೂತು ಕೂಲರುಗಳಿಗೆ ಲಾವಂಚದ ತಟ್ಟಿ ಕಟ್ಟುವರು. ವ್ಯಾಪಾರ ಬಾರದ ವ್ಯಾಪಾರಿ ಎಂದು ನಮ್ಮ ಕಚೇರಿಯಲ್ಲಿ ಅವರನ್ನು ಆಡಿಕೊಳ್ಳುತ್ತಿದ್ದೆವು. ಗಿರಾಕಿ ದೊಡ್ಡದು ಕೇಳಿದರೆ ಇವರು ಚಿಕ್ಕದು ತೋರಿಸುವರು. ದೊಡ್ಡ ಗೀಸರು ಬೇಕೆಂದು ಕವಲಂದೆಯಿಂದ ಬಂದಿದ್ದ ಗಂಡ ಹೆಂಡತಿಯನ್ನು, ಮನೆಯಲ್ಲಿ ಎಷ್ಟು ಜನ, ಯಾರು ಯಾವಾಗ ಸ್ನಾನ ಮಾಡುತ್ತಾರೆ ಎಂದೆಲ್ಲ ವಿಚಾರಿಸಿ, ಹಿತ್ತಲಿನ ಹಂಡೆ ಒಲೆ ಇನ್ನೂ ಗಟ್ಟಿಯಾಗಿದೆ ಎಂದು ತಿಳಿದ ಮೇಲೆ ಬರಿಗೈಲಿ ವಾಪಸ್ ಕಳಿಸಿದ್ದನ್ನು ನಾನೇ ಕಣ್ಣಾರೆ ಕಂಡಿದ್ದೆ. ಎಸಿ ಪೆಟ್ಟಿಗೆಯ ಮೇಲಿನ ಸ್ಟಾರುಗಳನ್ನು ಎಣಿಸುವವರಿಗೆ ಅವರದು ಒಂದೇ ಮಾತು. "ಸ್ಟಾರ್ ಕೊಟ್ಟಿರದು ಮಿಷಿನ್‌ಗೆ ಸಾ, ಮನೆಗಲ್ಲ. ಮನೆ ನಾವು ನೋಡ್ಬೇಕು."

ಮನೆ ನೋಡದೆ ಅವರು ಯಾರಿಗೂ ಎಸಿ ಮಾರುತ್ತಿರಲಿಲ್ಲ. ಮೂರು ವರ್ಷದ ಹಿಂದೆ ನಮ್ಮ ಮನೆ ನೋಡಲೂ ಬಂದರು.

ಆಗ ಅವ್ವ ಬಚ್ಚಲಲ್ಲಿ ಜಾರಿ ಬಿದ್ದು, ಸೊಂಟದ ಮೂಳೆ ಮುರಿದುಕೊಂಡು ಹಾಸಿಗೆ ಹಿಡಿದಿದ್ದಳು. ಎದೆಯೂ ನಿತ್ರಾಣವಾಗಿತ್ತು. ಅವಳ ಕೋಣೆ ಮನೆಯ ಮುಂಭಾಗದಲ್ಲಿ, ಬಾಗಿಲು ನೇರ ಬೀದಿಗೆ. ತಾರಸಿ ಕಾದು ಮಧ್ಯಾಹ್ನ ಒಳಗೆ ಕಾವಲಿಯಂತಾಗುತ್ತಿತ್ತು. ಸೆಕೆಗೆ ಬೆನ್ನು ಹುಣ್ಣಾದರೆ ಕಷ್ಟ, ಕೋಣೆ ತಣ್ಣಗಿರಲಿ ಎಂದು ಡಾಕ್ಟರು ಎಚ್ಚರಿಸಿದ್ದರು. ಆ ಬೇಸಿಗೆಯನ್ನು ಅವ್ವ ದಾಟಬೇಕು ಎನ್ನುವುದೊಂದೇ ನನ್ನ ತಲೆಯಲ್ಲಿತ್ತು.

ಅವ್ವನದೊಂದು ಪಟ್ಟು ಇತ್ತು. ಹಗಲು ಹೊತ್ತು ಬಾಗಿಲು ಹಾಕಲು ಬಿಡುತ್ತಿರಲಿಲ್ಲ. ಪ್ರಾಯದಲ್ಲಿ ಅವಳು ಬನ್ನೂರು ಕಡೆಯ ಗದ್ದೆಗಳಿಗೆ ಕೂಲಿ ಹೋದವಳು. ಕೂಲಿಯ ಭತ್ತ ಕೇಳಲು ಗದ್ದೆಯವರ ಮನೆಗೆ ಹೋದರೆ, ನಮ್ಮವರು ಬಾಗಿಲು ತಟ್ಟುವಂತಿರಲಿಲ್ಲ, ಕೂಗುವಂತೆಯೂ ಇರಲಿಲ್ಲ. ಒಳಗಿನವರು ಉಂಡು, ಮಲಗಿ, ಎದ್ದು ತಾವಾಗಿ ಬಾಗಿಲು ತೆಗೆಯುವವರೆಗೆ ಬಿಸಿಲಲ್ಲಿ ನಿಲ್ಲಬೇಕಿತ್ತು. ನಾನು ನರಸೀಪುರದಲ್ಲಿ ಮನೆ ಕಟ್ಟಿಸಿ, ಬುದ್ಧನ ಪಟ ತೂಗುಹಾಕಿದ ದಿನ ಅವಳು ನನ್ನಲ್ಲಿ ಕೇಳಿದ್ದು ಒಂದೇ. "ಅಗಲೊತ್ನಲ್ಲಿ ಬಾಗ್ಲ ಆಕ್ಬ್ಯಾಡ ಕಣಪ್ಪ. ಬಂದೋರು ನಿಂತ್ಕಬಾರ್ದು."

ಅಂಗಡಿಯವರು ಬಸ್ಸಿನಲ್ಲಿ ಬಂದು, ಟೇಪು ಹಿಡಿದು ಗೋಡೆ ಅಳೆದರು, ಕಿಟಕಿ ಅಳೆದರು. ತಾರಸಿಗೆ ಹತ್ತಿ, ಅಂಗೈಯೂರಿ ಕಾವು ನೋಡಿದರು. ಆಮೇಲೆ ಅವ್ವನ ಮಂಚದ ಪಕ್ಕ ನೆಲದ ಮೇಲೆ ಕೂತು, ನನ್ನ ಹೆಂಡತಿ ಕೊಟ್ಟ ಕಾಫಿ ಕುಡಿಯುತ್ತಾ ಬಹಳ ಹೊತ್ತು ಮಾತಾಡಿದರು. ನಾನು ಹೊರಗೆ ಫೋನಿನಲ್ಲಿದ್ದೆ. ಇವರಿಬ್ಬರಿಗೂ ಅದೇನು ಅಷ್ಟೊಂದು ಮಾತು ಎಂದು ಒಳಗೊಳಗೇ ನಕ್ಕಿದ್ದೆ.

ಮಾರನೆಯ ದಿನ ಅಂಗಡಿಗೆ ಹೋದಾಗ ಅಲ್ಲಿ ಇನ್ನಿಬ್ಬರು ಗಿರಾಕಿಗಳಿದ್ದರು. ಅಂಗಡಿಯವರು ತಗ್ಗಿದ ದನಿಯಲ್ಲಿ, "ಎಸಿ ನಿಮ್ಮನೆಗೆ ಒಗ್ಗಾಕಿಲ್ಲ ಸಾ. ತಾರಸಿಗೆ ಸುಣ್ಣ ಬಳಿಸಿ. ಕಿಟಕಿ ಅಳತೆಗೇ ಒಂದು ಕೂಲರ್ ಕೂರಿಸ್ಕೊಡ್ತೀನಿ, ಸಾಕು" ಎಂದರು.

ನಿಮ್ಮನೆಗೆ ಒಗ್ಗುವುದಿಲ್ಲ… ಈ ಮಾತನ್ನು ನಾನು ಜೀವಮಾನವಿಡೀ ಬೇರೆ ಬೇರೆ ಬಾಯಿಗಳಲ್ಲಿ ಕೇಳಿದ್ದೇನೆ. ಬಾಡಿಗೆ ಮನೆ ಕೇಳಲು ಹೋದಾಗ ಕೇಳಿದ್ದೇನೆ, ಒಳ್ಳೆಯ ಬಟ್ಟೆ ಮುಟ್ಟಿ ನೋಡಿದಾಗ ಕೇಳಿದ್ದೇನೆ. ಅವರು ಮುಂದೇನೋ ಹೇಳಲು ಬಾಯಿ ತೆರೆದಿದ್ದರು. ನಾನು ಬಿಡಲಿಲ್ಲ. "ನಮ್ಮಂಥೋರ ಮನೆಗೆ ಕೂಲರೇ ಸಾಕು ಅಂತ ತೀರ್ಮಾನ ಮಾಡ್ಬಿಟ್ರಾ?" ಎಂದು ಎಲ್ಲರಿಗೂ ಕೇಳುವಂತೆ ಕೇಳಿದೆ. ಅವರ ಮುಖ ಸಪ್ಪಗಾಯಿತು. ಪಕ್ಕದಲ್ಲಿ ನಿಂತಿದ್ದ ಇಬ್ಬರನ್ನೂ ಒಮ್ಮೆ ನೋಡಿ, "ಅಂಗಲ್ಲ ಸಾ" ಎಂದಷ್ಟೇ ಹೇಳಿದರು.

ಆ ವಾರವೇ ಮೈಸೂರಿಗೆ ಹೋಗಿ ಐದು ಸ್ಟಾರಿನ ದೊಡ್ಡ ಎಸಿ ತಂದೆ. ಮೊದಮೊದಲು ಅವ್ವ ಬಾಗಿಲು ತೆಗೆಸಿಯೇ ಇಟ್ಟಳು. ಮಿಷಿನ್ನು ಪುರುಸೊತ್ತಿಲ್ಲದೆ ಓಡಿತು, ತಂಪೆಲ್ಲ ಬೀದಿಪಾಲಾಯಿತು. ಹೀಗಾದರೆ ಮಿಷಿನ್ನೇ ಸುಟ್ಟು ಹೋಗುತ್ತದೆ ಎಂದು ಕೂರಿಸಿದವನು ಬಂದು ಬೈದ. ನಾನು ಬಾಗಿಲ ನೆತ್ತಿಗೆ, ತೆಗೆದರೂ ತಾನಾಗಿ ಮುಚ್ಚಿಕೊಳ್ಳುವ ಒಂದು ಸ್ಪ್ರಿಂಗಿನ ಕೈ ಹಾಕಿಸಿದೆ. ಅವ್ವ ಎರಡು ದಿನ ಬಾಗಿಲು ತೆಗೆ ಎಂದಳು, ಮೂರನೆಯ ದಿನದಿಂದ ಹೇಳಲಿಲ್ಲ. ದಾರಿಯಲ್ಲಿ ಹೋಗುತ್ತಾ ಇಣುಕಿ ಮಾತಾಡಿಸುತ್ತಿದ್ದವರು ಮುಚ್ಚಿದ ಬಾಗಿಲು ಕಂಡು ಹಾಗೇ ಮುಂದೆ ಹೋದರು. ಕೋಣೆ ತಣ್ಣಗಿತ್ತು, ಬೆನ್ನು ಹುಣ್ಣಾಗಲಿಲ್ಲ. ಗೆದ್ದೆ ಎಂದುಕೊಂಡೆ.

ಬೇಸಿಗೆ ಇನ್ನೇನು ಮುಗಿಯಿತು ಎನ್ನುವಾಗ ಒಂದು ಮಧ್ಯಾಹ್ನ ಅವ್ವ ಹೋದಳು. ನನ್ನ ಹೆಂಡತಿ ಊಟ ಮಾಡಿಸಿ ತನ್ನ ಅಂಗನವಾಡಿಗೆ ಹೋಗಿದ್ದಳು, ನಾನು ಕಚೇರಿಯಲ್ಲಿದ್ದೆ. ಎದುರು ಮನೆಯ ಅಕ್ಕ ಮೂರು ಗಂಟೆಗೆ ಬಂದಿದ್ದರಂತೆ. "ಬಾಗ್ಲಾಕಿತ್ತು. ಮನಗವ್ರೆ ಅಂದ್ಕಂಡು ವಾಪಸ್ ಓದೆ ಕಣಪ್ಪ" ಎಂದು ಅವರು ಅತ್ತರು. ಅವ್ವ ಕೂಗಿದಳೋ ಇಲ್ಲವೋ… ಎಸಿಯ ಸದ್ದಿನಲ್ಲಿ ಯಾರಿಗೆ ಕೇಳಬೇಕು. ಎದೆಯೇ ನಿಂತಿತು, ಯಾರಿದ್ದರೂ ಉಳಿಸಲಾಗುತ್ತಿರಲಿಲ್ಲ ಎಂದರು ಡಾಕ್ಟರು. ಇರಬಹುದು. ಆದರೆ ಬಾಗಿಲು ತೆಗೆದಿದ್ದರೆ ಪಕ್ಕದಲ್ಲಿ ಒಬ್ಬರಾದರೂ ಇರುತ್ತಿದ್ದರು.

ಇದಾಗಿ ಹತ್ತು ಹನ್ನೆರಡು ದಿನಕ್ಕೆ ಅಂಗಡಿಯವರು ನಮ್ಮ ಕಚೇರಿಗೆ ಬಂದರು. ಹೇಗೋ ಸುದ್ದಿ ತಿಳಿದಿತ್ತು. ನನ್ನ ಮೇಜು ಕಾಣುವಂತೆ ಬಾಗಿಲಾಚೆ ನಿಂತರು. ನಾನು ನೋಡಿದೆ. ನೋಡಿ ಫೈಲಿನಲ್ಲಿ ಮುಖ ಹುದುಗಿಸಿದೆ. ಅವರು ಹೇಳಿದ್ದೇ ಸರಿ ಎಂದು ಅಷ್ಟು ಹೊತ್ತಿಗೆ ನನಗೆ ಅರ್ಥವಾಗಿತ್ತು, ಅದಕ್ಕೇ ಅವರ ಮೇಲೆ ಇನ್ನಷ್ಟು ಸಿಟ್ಟು. ಅರ್ಧ ಗಂಟೆ ನಿಂತಿದ್ದರು. ನಾನು ಒಳಗೆ ಕರೆಯಲಿಲ್ಲ. ತಲೆಯೆತ್ತಿದಾಗ ಹೋಗಿಬಿಟ್ಟಿದ್ದರು… ಆ ಅವ್ವನ ಮಗ ನಾನು, ಬಂದವರನ್ನು ಬಾಗಿಲಲ್ಲಿ ನಿಲ್ಲಿಸಿ ಕಳಿಸಿದೆ. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುತ್ತದೆಯೇ ಎನ್ನುತ್ತಾರೆ. ಆಮೇಲೆ ಅವರ ಅಂಗಡಿಯ ಮುಂದೆ ಹಾಯುವುದನ್ನೇ ಬಿಟ್ಟೆ, ಸುತ್ತಿ ಬಳಸಿ ಬಸ್ಸಿಗೆ ಹೋಗುತ್ತಿದ್ದೆ.

ಹಾಗಾಗಿ ಅವರು ತೀರಿಕೊಂಡದ್ದೂ ನನಗೆ ಗೊತ್ತಾಗಲಿಲ್ಲ. ಕಳೆದ ಸೋಮವಾರ ಅವರ ಮಗಳು ಈ ಕಟ್ಟು ಹಿಡಿದು ಕಚೇರಿಗೆ ಬಂದಾಗಲೇ ತಿಳಿದದ್ದು. ಅಂಗಡಿ ಖಾಲಿ ಮಾಡುತ್ತಿದ್ದರಂತೆ. "ಆವತ್ತು ನಿಮ್ಮನೆ ನೋಡಿ ಬಂದ್ ರಾತ್ರಿನೇ ಅಪ್ಪ ಕಟ್ಟಿದ್ದು ಸಾ. ಬೇರೆಯೋರ್ಗೆ ಕೊಡಾಕೆ ಬಿಡ್ನಿಲ್ಲ. ನಿಮ್ಮವ್ವ ಬಾಗ್ಲ ಮುಂದೆ ನಿಲ್ತಿದ್ ಕತೆ ಏಳಿದ್ರಂತೆ, ಅದ್ನ ಅಪ್ಪ ಆಗಾಗ ನೆನೆಸ್ಕೊಳ್ಳೋರು" ಎಂದಳು.

ಕಟ್ಟಿನಲ್ಲಿದ್ದದ್ದು ಒಂದು ಲಾವಂಚದ ತಟ್ಟಿ. ಅದಕ್ಕೆ ದಾರದಲ್ಲಿ ಕಟ್ಟಿದ ರಟ್ಟಿನ ಚೂರಿನ ಮೇಲೆ ಅವರ ಅಕ್ಷರ: 'ನರಸೀಪುರದ ಅವ್ವ. ಬಾಗಿಲು ತೆಗೆದಿರಬೇಕು.' ಕೆಳಗೆ ಕಿಟಕಿಯ ಅಳತೆ. ಕೂಲರಿಗೆ ಗಾಳಿಯಾಡಬೇಕು, ಎಸಿಗೆ ಬಾಗಿಲು ಮುಚ್ಚಬೇಕು. ಅವ್ವನಿಗೆ ಯಾವುದು ಒಗ್ಗುತ್ತದೆ ಎಂದು ಅವಳನ್ನೇ ಕೇಳಿ ತಿಳಿದುಕೊಂಡಿದ್ದರು. ಅದನ್ನು ಅಂಗಡಿಯಲ್ಲಿ ವಿವರಿಸಬೇಕಾದರೆ ಅವ್ವ ಬಿಸಿಲಲ್ಲಿ ನಿಂತ ಕತೆಯನ್ನು ಆ ಇಬ್ಬರು ಅಪರಿಚಿತರ ಎದುರು ಹೇಳಬೇಕಿತ್ತು. ನನ್ನ ಮರ್ಯಾದೆ ಉಳಿಸಲು ಅವರು ನನ್ನಿಂದಲೇ ಬೈಸಿಕೊಂಡರು. ನನಗೆ ಹಾಗನ್ನಿಸುತ್ತದೆ. ಇನ್ನು ಯಾರನ್ನು ಕೇಳುವುದು…

ನಿನ್ನೆ ಭಾನುವಾರ, ಬಾಗಿಲ ನೆತ್ತಿಯ ಸ್ಪ್ರಿಂಗಿನ ಕೈ ಬಿಚ್ಚಿಹಾಕಿದೆ. ಅವ್ವನ ಕಿಟಕಿಗೆ ತಟ್ಟಿಯನ್ನು ಹಿಡಿದು ನೋಡಿದೆ, ಒಂದಿಷ್ಟೂ ಹೆಚ್ಚು ಕಡಿಮೆ ಇಲ್ಲದೆ ಕೂತಿತು. ನೀರು ಚಿಮುಕಿಸಿ, ಬಾಗಿಲು ಪೂರ್ತಿ ತೆರೆದು, ಅವಳ ಮಂಚವಿದ್ದ ಜಾಗದಲ್ಲಿ ನೆಲದ ಮೇಲೆ ಕೂತೆ. ಸ್ವಲ್ಪ ಹೊತ್ತಿಗೆ ಗಾಳಿ ಬಂತು. ತಪ್ಪಾಯಿತು ಎಂದೆ, ಬಾಯಿ ಬಿಟ್ಟೇ ಎಂದೆ.

ಎದುರು ಮನೆಯ ಅಕ್ಕ ಹೊಸಿಲಾಚೆ ಬಂದು ನಿಂತಿದ್ದರು. "ಬಾಗ್ಲ ತೆಗ್ದದಲ್ಲ ಅಂತ ಬಂದೆ. ಯಾರ್ ಕುಟ್ಟೆ ಮಾತಾಡ್ತಿದ್ದೀಯಪ್ಪ?"

ಹೇಳೋಣವೆಂದು ಬಾಯಿ ತೆರೆದೆ. ಇಷ್ಟು ವರ್ಷದಲ್ಲಿ ಆ ಅಂಗಡಿಯವರ ಹೆಸರನ್ನು ನಾನು ಒಮ್ಮೆಯೂ ಕೇಳಿರಲಿಲ್ಲ.

"ನಿಂತೇ ಇದ್ದೀಯಲ್ಲಕ್ಕ, ಒಳಕ್ಕೆ ಬಾ" ಎಂದೆ.