ನವರಂಗ ಸುಮ್ಮನಾದಾಗ

ಆ ಸಂಜೆ ಕೂಗಿದ್ದು ನವರಂಗ ಹಕ್ಕಿಯಲ್ಲ, ಅಂಕಲ್. ಲಂಟಾನ ಪೊದೆಯೊಳಗೆ ನಾನು ಬಚ್ಚಿಟ್ಟಿದ್ದ ಅಂಗೈಯಗಲದ ಸ್ಪೀಕರ್ ಅದು. ಅದರ ಜಾಡು ಹಿಡಿದು ಹೋಗಿಯೇ ನೀವು ಬಾವಿಗೆ ಬಿದ್ದಿರಿ. ಆರು ವರ್ಷದಿಂದ ಇದನ್ನು ಯಾರಿಗೂ ಹೇಳಿಲ್ಲ. ಇದಕ್ಕಿಂತ ಕೆಟ್ಟದ್ದೊಂದಿದೆ — ಅದಕ್ಕೂ ಬರುತ್ತೇನೆ.

ಚಿಕ್ಕಲಸಂದ್ರದ ನಿಮ್ಮ ಮನೆಯ ಮಹಡಿಗೆ ಬಾಡಿಗೆಗೆ ಬಂದಾಗ ಕಾಗೆ, ಪಾರಿವಾಳ, ಗಿಳಿ ಬಿಟ್ಟರೆ ನನಗೆ ಯಾವ ಹಕ್ಕಿಯೂ ಗೊತ್ತಿರಲಿಲ್ಲ. ಹಿತ್ತಲಿನ ನಿಂಬೆಗಿಡದ ಕೆಳಗೆ ನೀವು ಮಣ್ಣಿನ ತಟ್ಟೆಯಲ್ಲಿ ನೀರಿಡುತ್ತಿದ್ದಿರಿ. ಯುಗಾದಿಯ ಆಸುಪಾಸಿನಲ್ಲಿ, ಚಳಿಗಾಲಕ್ಕೆ ಬಂದ ಹಕ್ಕಿಗಳು ಉತ್ತರಕ್ಕೆ ಮರಳುವಾಗ, ಒಂದೆರಡು ದಿನದ ಅತಿಥಿಗಳು ಆ ತಟ್ಟೆಗೆ ಇಳಿಯುತ್ತಿದ್ದವು. ಅಡುಗೆಮನೆಯ ಕಿಟಕಿಯಿಂದ ನೋಡಿ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುವುದನ್ನು ನನಗೂ ಕಲಿಸಿದಿರಿ. ಹೆಸರಿನ ಮುಂದೆ ‘ನೋ’ ಎಂದರೆ ನೋಡಿದ್ದು, ‘ಕೇ’ ಎಂದರೆ ಬರೀ ಕೇಳಿದ್ದು. ‘ಕೇ’ ಇದ್ದದ್ದು ‘ನೋ’ ಆಗುವವರೆಗೆ ನಿಮಗೆ ಸಮಾಧಾನವಿರುತ್ತಿರಲಿಲ್ಲ. ನವರಂಗದ ಮುಂದೆ ಎರಡೂ ಇರಲಿಲ್ಲ.

ನಮ್ಮ ಭಾನುವಾರದ ಹಕ್ಕಿ ನೋಡುವ ಗುಂಪಿನಲ್ಲಿ ಒಂದು ದಿನ, ತಲಘಟ್ಟಪುರದ ಆಚೆಯ ಮಾವಿನ ತೋಪಿನಲ್ಲಿ ನವರಂಗ ಕಂಡೆ ಎಂದುಬಿಟ್ಟೆ. ಕಂಡಿರಲಿಲ್ಲ. ಉಳಿದವರೆಲ್ಲ ಏನಾದರೊಂದು ಕಂಡಿದ್ದರು, ನಾನೊಬ್ಬಳು ಏನೂ ಕಂಡಿರಲಿಲ್ಲ — ಇಷ್ಟೇ ಕಾರಣ.

“‘ನೋ’ನೋ, ‘ಕೇ’ನೋ?” ಎಂದಿರಿ.

“‘ನೋ’ ಅಂಕಲ್. ಬೆನ್ನು ಹಸಿರು, ಬಾಲದ ಕೆಳಗೆ ಕೆಂಪು.”

“ಹಕ್ಕಿ ನೋಡಿದ್ಯೋ, ಪುಸ್ತಕ ನೋಡಿದ್ಯೋ?” ಎಲ್ಲರೂ ನಕ್ಕರು. “ನಾಳೆ ಸಂಜೆ ನನಗೂ ತೋರ್ಸಮ್ಮ. ಇಪ್ಪತ್ ವರ್ಷದಿಂದ ಆಟ ಆಡಿಸ್ತಿದೆ ನನ್ಮಗಂದು.”

ಮರುದಿನ ಐದೂವರೆಗೇ ನಾನು ತೋಪಿನಲ್ಲಿದ್ದೆ. ನವರಂಗದ ಕೂಗನ್ನು ಮೆಮೊರಿ ಕಾರ್ಡಿಗೆ ಹಾಕಿ, ಅದೇ ಮತ್ತೆ ಮತ್ತೆ ಬರುವಂತೆ ಮಾಡಿ, ಸ್ಪೀಕರನ್ನು ಪೊದೆಯೊಳಗೆ ತಳ್ಳಿದೆ. ಎರಡೇ ಸ್ವರದ ಸಿಳ್ಳೆ — ಯಾರೋ ಮರೆಯಲ್ಲಿ ನಿಂತು ನಮ್ಮನ್ನೇ ಕರೆದ ಹಾಗೆ. ದೂರದಿಂದ ಕೇಳಿಸಿದರೆ ಸಾಕು, ಅಂದಿನ ಮಟ್ಟಿಗೆ ‘ಕೇ’ ಎಂದು ಬರೆದುಕೊಂಡು ಖುಷಿಯಾಗಿ ಮನೆಗೆ ಹೊರಡುತ್ತೀರಿ ಎಂದುಕೊಂಡಿದ್ದೆ. ಪೊದೆಯ ಈಚೆ ಬಳ್ಳಿ ಹಬ್ಬಿದ ಕಲ್ಲುಕಟ್ಟೆಯೊಂದು ಕಂಡಿತು. ಒಂದು ಕಡೆ ಕುಸಿದಿತ್ತು. ಅದರೊಳಗೆ ಏನಿದೆ ಎಂದು ನಾನು ಇಣುಕಲಿಲ್ಲ.

ಆರಕ್ಕೆ ನೀವು ಆಟೋದಲ್ಲಿ ಬಂದಿರಿ. ಸಿಳ್ಳೆ ಕಿವಿಗೆ ಬಿದ್ದ ಕೂಡಲೆ ತುಟಿಯ ಮೇಲೆ ಬೆರಳಿಟ್ಟು ನನ್ನನ್ನು ನಿಲ್ಲಿಸಿದಿರಿ. ಬೈನಾಕ್ಯುಲರ್ ಕಣ್ಣಿಗೊತ್ತಿಕೊಂಡು, ನೆಲ ನೋಡದೆ, ಅದರತ್ತ ನಡೆದಿರಿ. ಹತ್ತು ಹೆಜ್ಜೆ ಹಿಂದೆ ನಾನು. ಸಾಕು ಅಂಕಲ್, ಬನ್ನಿ ಎನ್ನಬೇಕಿತ್ತು — ನಾಲಿಗೆಯ ತುದಿಗೆ ಬಂದೂ ಇತ್ತು — ಅಷ್ಟರಲ್ಲಿ ಬಳ್ಳಿ ಹರಿದ ಸದ್ದಾಯಿತು. ನೀವಿದ್ದ ಜಾಗದಲ್ಲಿ ನೀವಿರಲಿಲ್ಲ.

“ವೀಣಾ...” ನನ್ನ ಹೆಸರು ನೆಲದ ಅಡಿಯಿಂದ ಬಂತು. ಅದರ ಹಿಂದೆಯೇ ಸಿಳ್ಳೆ. ಮತ್ತೆ “ವೀಣಾ”. ಮತ್ತೆ ಸಿಳ್ಳೆ. ನೀವೂ ಅದೂ ಮಾತಾಡಿಕೊಳ್ಳುತ್ತಿದ್ದ ಹಾಗಿತ್ತು.

ಕೆಟ್ಟದ್ದು ಇಲ್ಲಿದೆ. ನಾನು ಬಾವಿಯ ಬಳಿ ಬರಲಿಲ್ಲ. ಅದನ್ನು ಬಳಸಿಕೊಂಡು ಪೊದೆಗೆ ನುಗ್ಗಿದೆ. ಜನ ಬರುತ್ತಾರೆ, ಸ್ಪೀಕರ್ ಸಿಕ್ಕಿಬಿಡುತ್ತದೆ — ತಲೆಯಲ್ಲಿ ಅದೊಂದೇ. ಮುಳ್ಳಿನೊಳಗೆ ಕೈ ಹಾಕಿ ತಡಕಾಡಿದೆ, ಎಷ್ಟು ಹೊತ್ತೋ ತಿಳಿಯದು. ನೀವು ಇನ್ನೂ ಮೂರು ಸಲ ಕರೆದಿರಿ. ಓಗೊಟ್ಟರೆ ನನ್ನ ದನಿ ಪೊದೆಯಿಂದ ಬಂತೆಂದು ನಿಮಗೆ ಗೊತ್ತಾಗುತ್ತದೆಂದು ಉಸಿರು ಬಿಗಿಹಿಡಿದು ಕೂತೆ. ಕೊನೆಗೆ ಸ್ಪೀಕರಿನ ಗುಂಡಿ ಕೈಗೆ ಸಿಕ್ಕಿತು. ಸಿಳ್ಳೆ ನಿಂತಿತು. ಸ್ಪೀಕರ್ ಬ್ಯಾಗಿಗೆ ಸೇರಿದ ಮೇಲೆಯೇ ನಾನು ರಸ್ತೆಗೆ ಓಡಿದ್ದು.

ತೋಪಿನ ಮಾಲೀಕ ಮುನಿರಾಜಣ್ಣ ನಾಲ್ಕು ಜನರೊಂದಿಗೆ ಹಗ್ಗ, ಏಣಿ ತಂದರು. “ಇಲ್ಲಿಗ್ಯಾಕ್ ಬಂದ್ರಿ ಮೇಡಂ? ನಮ್ ದನಾನೇ ಈ ಕಡೆ ಸುಳಿಯಲ್ಲ.” ಅಷ್ಟರಲ್ಲಿ ಬಾವಿಯ ಹೂಳು ನಿಮ್ಮನ್ನು ಎದೆಯವರೆಗೆ ಎಳೆದುಕೊಂಡಿತ್ತು. ಮೇಲೆತ್ತಿ ಮಲಗಿಸಿದ ಮೇಲೆ ಅವರು, “ಇನ್ನೊಂದ್ ಸ್ವಲ್ಪ ಹೊತ್ತಾಗಿದ್ರೆ...” ಎಂದು ನಿಲ್ಲಿಸಿದರು. ಆ ಸ್ವಲ್ಪ ಹೊತ್ತು ಎಲ್ಲಿ ಕಳೆಯಿತೆಂದು ಅಲ್ಲಿದ್ದವರಲ್ಲಿ ನನಗೊಬ್ಬಳಿಗೆ ಗೊತ್ತಿತ್ತು.

ತೊಡೆಗೆ ರಾಡ್ ಹಾಕಿಸಿಕೊಂಡು ಆಸ್ಪತ್ರೆಯಲ್ಲಿ ಮಲಗಿದ್ದಾಗ ನೀವು ಹೇಳಿದ್ದು ನೆನಪಿದೆಯೇ? “ನಾನ್ ಕೂಗ್ದಾಗೆಲ್ಲ ಅದು ಉತ್ತರ ಕೊಡ್ತಿತ್ತು ಕಣಮ್ಮ. ಮೇಲ್ಗಡೆ ಯಾರೋ ಇದಾರೆ ಅನ್ಸೋದು. ಆಮೇಲೆ ನಿಂತ್ಹೋಯ್ತು ನೋಡು, ಆವಾಗ ಹೆದರ್ಕೊಂಡೆ. ಸದ್ಯ, ನಾನ್ ಬಿದ್ ತಕ್ಷಣ ನೀನು ಓಡಿದ್ಯಲ್ಲ.” ಆಮೇಲೆ ನೋಟ್‌ಬುಕ್ ತರಿಸಿಕೊಂಡು, ನವರಂಗದ ಮುಂದೆ ‘ಕೇ’ ಎಂದು ಬರೆದಿರಿ. ಪೆನ್ನು ಕೊಟ್ಟವಳು ನಾನು.

ಈಗ ನಾನು ಜೆ.ಪಿ. ನಗರದಲ್ಲಿದ್ದೇನೆ. ಅಪಾರ್ಟ್‌ಮೆಂಟಿನ ಸೆಕ್ಯೂರಿಟಿ ಯಾವುದೋ ಕಾರನ್ನು ಹಿಂದಕ್ಕೆ ತೆಗೆಸಲು ಸಿಳ್ಳೆ ಹಾಕಿದರೆ ಕೈಯಲ್ಲಿದ್ದದ್ದು ಜಾರುತ್ತದೆ. ಅದರ ಹಿಂದೆಯೇ ನನ್ನ ಹೆಸರು ಬರುತ್ತದೆಂದು ಕಾಯುತ್ತೇನೆ.

ಮೊನ್ನೆ ಮುನಿರಾಜಣ್ಣ ಫೋನ್ ಮಾಡಿದ್ದರು. ಹೋದ ಏಪ್ರಿಲಿನಲ್ಲೂ ನೀವು ಅಲ್ಲಿಗೆ ಹೋಗಿದ್ದಿರಂತೆ. ಕೋಲನ್ನು ಬದಿಗಿಟ್ಟು, ಆ ಕುಸಿದ ಕಟ್ಟೆಗೆ ಕೈಯೂರಿ, ಬಾವಿಯೊಳಕ್ಕೆ ಬಗ್ಗಿ ಅದೇ ಎರಡು ಸ್ವರದ ಸಿಳ್ಳೆ ಹಾಕುತ್ತೀರಂತೆ. ಹಾಕಿ, ಕಿವಿಗೊಟ್ಟು ನಿಲ್ಲುತ್ತೀರಂತೆ. “ನೀವಾದ್ರೂ ಹೇಳಿ ಮೇಡಂ, ಯಜಮಾನ್ರು ನಮ್ ಮಾತ್ ಕೇಳಲ್ಲ.” ಅದರ ಮರುದಿನವೇ ನಿಮ್ಮ ಫೋನ್ ಬಂತು: “ಈ ಸಲ ‘ನೋ’ ಆಗ್ಲೇಬೇಕು. ಸೋಮವಾರ ಬಾ. ಬರ್ದಿದ್ರೆ ಒಬ್ನೇ ಹೋಗ್ತೀನಿ.”

ಅಲ್ಲಿ ನಿಮಗಾಗಿ ಕಾಯುತ್ತಿರುವ ಹಕ್ಕಿ ಯಾವುದೂ ಇಲ್ಲ, ಅಂಕಲ್. ಸೋಮವಾರಕ್ಕೆ ಮೊದಲು, ಭಾನುವಾರ ಬೆಳಿಗ್ಗೆಯೇ ಬರುತ್ತೇನೆ. ನಿಮ್ಮ ಅಡುಗೆಮನೆಯ ಕಿಟಕಿಯ ಬಳಿ ಕೂತು ಈ ಕಾಗದವನ್ನು ನಾನೇ ಓದುತ್ತೇನೆ. ಸ್ಪೀಕರನ್ನೂ ತರುತ್ತೇನೆ. ಅದನ್ನು ಎಸೆಯಲು ಆಗಿಲ್ಲ, ಗುಂಡಿ ಒತ್ತಲೂ ಆಗಿಲ್ಲ. ಓದಿದ ಮೇಲೆ ನನ್ನನ್ನು ಹೊರಗೆ ಕಳಿಸಿದರೆ ಹೋಗುತ್ತೇನೆ. ಆದರೆ ನೀವು ಆ ಬಾವಿಯ ಬಳಿ ಇನ್ನು ಹೋಗಬೇಡಿ.

ನವರಂಗದ ಮುಂದಿನ ‘ಕೇ’ ಹೊಡೆದುಹಾಕಿ. ಆ ಸಂಜೆ ಕೇಳಿಸಿಕೊಂಡವಳು ನಾನು. ಪೊದೆಯೊಳಗೆ ನಿಮ್ಮ ಕರೆ ಮೂರು ಸಲವೂ ಕೇಳಿಸಿತ್ತು.