ಅಡುಗೆಮನೆಗೆ ಬಂದ ಮೀನುಗಳು

ಗೆಳೆಯರೇ, ಇವತ್ತು ಬೆಳಿಗ್ಗೆ ನಮ್ಮ ಬೆಂಗೇರಿ ಮನೆಯಲ್ಲಿ ಅತ್ತೆಯವರು ಮೀನಿನ ತೊಟ್ಟಿಯ ನೀರು ಬದಲಿಸುತ್ತಿದ್ದರು. ಕೈ ಹಾಕುವ ಮೊದಲೇ ಹೀಟರಿನ ಸ್ವಿಚ್ ಆರಿಸಿ, ಅರ್ಧ ನೀರು ತೆಗೆದು, ಹೊಸ ನೀರು ತರಲು ಹಿತ್ತಲಿಗೆ ಹೋದರು. ಅಷ್ಟರಲ್ಲಿ ನಾನು ಬಂದೆ. ಮೀನುಗಳಿಗೆ ಚಳಿಯಾದೀತೆಂದು ಸ್ವಿಚ್ ಹಾಕಿಬಿಟ್ಟೆ. ಹೀಟರ್ ನೀರಿನಿಂದ ಹೊರಗಿದ್ದದ್ದು ನನ್ನ ಕಣ್ಣಿಗೆ ಬೀಳಲೇ ಇಲ್ಲ.

ಅತ್ತೆಯವರು ಬಂದು ಬಕೆಟ್ಟಿನ ತಣ್ಣೀರು ಸುರಿದರು. ಕಾದು ಕುಳಿತಿದ್ದ ಹೀಟರಿನ ಗಾಜು ಟಪ್ಪೆಂದು ಒಡೆಯಿತು. ಚೂರು ತೆಗೆಯಲು ನಾನು ಕೈ ಚಾಚಿದೆ.

"ಕೈ ಹಾಕಬ್ಯಾಡ! ಮೊದಲ ಪ್ಲಗ್ ಕೀಳು!" ಎಂದು ಅವರು ಕೂಗಿದರು.

ಕಿತ್ತೆ.

"ನಾ ಆರಿಸಿದ್ದ ಸ್ವಿಚ್ ನೀ ಯಾಕ ಹಾಕಿದಿ?"

"ಮೀನಿಗೆ ಥಂಡಿ ಆಗತೈತಿ ಅಂತರೀ, ಅತ್ತಿ."

"ಅವಕ್ಕ ಒಂದೀಟು ಥಂಡಿ ಆದ್ರ ನಡೀತೈತಿ. ನಿನಗ ಕರೆಂಟ್ ಹೊಡದಿದ್ರ ನಿನ್ನ ಗಂಡಗ ನಾ ಏನ್ ಹೇಳಬೇಕಿತ್ತು?"

ತೊಟ್ಟಿಯ ತುಂಬ ಗಾಜಿನ ಚೂರು. ಹಾಗಾಗಿ ಮೀನುಗಳು ಸದ್ಯ ಅಡುಗೆಮನೆಯ ಕಟ್ಟೆಯ ಮೇಲೆ, ಸ್ಟೀಲ್ ಬೋಗುಣಿಯಲ್ಲಿವೆ. ತಲೆತಲಾಂತರದಿಂದ ಶುದ್ಧ ಸಸ್ಯಾಹಾರಿಗಳಾದ ನಮ್ಮ ಮನೆಯ ಒಲೆಯ ಪಕ್ಕಕ್ಕೆ ಮೀನು ಬಂದದ್ದು ಇದೇ ಮೊದಲು. ನೆರೆಯವರು ಯಾರೂ ಬಾರದಿರಲೆಂದು ಅತ್ತೆಯವರು ಮುಂಬಾಗಿಲು ಹಾಕಿಕೊಂಡು ಕುಳಿತಿದ್ದಾರೆ.