ಆಸಕ್ತಿ ಇಲ್ಲದ ಹುಡುಗಿಯರು

ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ನಲವತ್ತಾರು ವರ್ಷದ ಈ ಜೀವನದಲ್ಲಿ ನಾನು ಓಡಿದ್ದು ಎಸ್.ಟಿ. ಬಸ್ಸಿನ ಹಿಂದೆ ಮಾತ್ರ. ಅದರಲ್ಲೂ ಹಿಡಿದದ್ದಕ್ಕಿಂತ ತಪ್ಪಿಸಿಕೊಂಡದ್ದೇ ಹೆಚ್ಚು. ಆಟದಲ್ಲಿ ನನಗೆ ಆಸಕ್ತಿ ಇಲ್ಲ ಎಂದು ಹೇಳುತ್ತಲೇ ಬೆಳೆದವಳು ನಾನು. ಇಂಥವಳ ಕೈಗೆ ಗಡಿಯಾಚೆಯ ಜತ್ತ ತಾಲೂಕಿನ ನಮ್ಮ ಕನ್ನಡ ಶಾಲೆಯ ಹುಡುಗಿಯರ ಖೋ ಖೋ ತಂಡ ಹೇಗೆ ಬಂತು ಎಂದು ನೀವು ಕೇಳಬಹುದು. ಶಿಕ್ಷಕರಲ್ಲಿ ಸೀರೆ ಉಡುವವಳು ನಾನೊಬ್ಬಳೇ. ಅದಕ್ಕಿಂತ ದೊಡ್ಡ ಅರ್ಹತೆಯನ್ನು ಯಾರೂ ಕೇಳಲಿಲ್ಲ.

ನಮ್ಮ ಹುಡುಗಿಯರು ಎಂಟನೆಯ ತರಗತಿಯ ತನಕ ಚಿಗರೆಯ ಹಾಗೆ ಓಡುತ್ತಾರೆ. ಒಂಬತ್ತಕ್ಕೆ ಬಂದರೋ, ಒಬ್ಬೊಬ್ಬರೇ ಮೈದಾನದಿಂದ ಮಾಯ. ಈ ಸಲ ಉಳಿದವರು ಐದೇ ಜನ. ಖೋ ಖೋ ಆಡಲು ಬೇಕಾದವರು ಒಂಬತ್ತು. ಎಲ್ಲರಿಗಿಂತ ಚುರುಕಾದ ಮಾಳವ್ವನೇ ತಿಂಗಳಿಂದ ಆಟಕ್ಕೆ ಬಂದಿರಲಿಲ್ಲ. ಮುಖ್ಯೋಪಾಧ್ಯಾಯರು ಕರೆದು ಹೇಳಿದರು: “ಹುಡುಗ್ಯಾರಿಗೆ ಆಸಕ್ತಿ ಇಲ್ರಿ ಮೇಡಮ್. ಈ ವರ್ಷದಿಂದ ಅವರ ಟೀಮ್ ಬಿಟ್ಟಬಿಡೂಣು.”

ವಿಚಿತ್ರ ನೋಡಿ, ಅದೇ ಮಾತು ನನ್ನ ಬಾಯಲ್ಲಿ ಮೂವತ್ತು ವರ್ಷ ಹಾಯಾಗಿ ಇತ್ತು. ಇನ್ನೊಬ್ಬರ ಬಾಯಲ್ಲಿ ಕೇಳಿದ ಕೂಡಲೇ ಮೈಯೆಲ್ಲ ಉರಿಯಿತು. “ಹದಿನೈದು ದಿನ ಕೊಡ್ರಿ ಸರ್. ಯಾಕ ಬರೂದಿಲ್ಲ ಅಂತ ಸಂಶೋಧನಾ ಮಾಡ್ತೀನಿ” ಎಂದುಬಿಟ್ಟೆ.

ಸಂಶೋಧನೆ ಎಂದಮೇಲೆ ಪ್ರಶ್ನಾವಳಿ ಬೇಕಲ್ಲ? ಒಂಬತ್ತನೆಯ ತರಗತಿಯ ಹುಡುಗಿಯರಿಗೆಲ್ಲ ಹತ್ತು ಪ್ರಶ್ನೆ ಬರೆದುಕೊಟ್ಟೆ. ಮೊದಲನೆಯದು, ಆಟದ ಮಹತ್ವವೇನು? ಉತ್ತರ ಬಂದವು ನೋಡಿ, ಎಲ್ಲ ಒಂದೇ! ‘ಆರೋಗ್ಯವೇ ಭಾಗ್ಯ, ಆಟದಿಂದ ಶಿಸ್ತು ಬೆಳೆಯುತ್ತದೆ.’ ಪಾಪ, ಪರೀಕ್ಷೆ ಎಂದು ತಿಳಿದು ಮುಂದಿನ ಬೆಂಚಿನ ಜಾಣೆಯನ್ನು ನೋಡಿ ಎಲ್ಲರೂ ಬರೆದಿದ್ದರು. ಅದಕ್ಕಿಂತ ನಾಚಿಕೆಗೇಡು ಇನ್ನೊಂದಿದೆ. ನಾನೂ ರೂಢಿಬಲದಿಂದ ಕೆಂಪು ಪೆನ್ನು ತೆಗೆದು ಎಲ್ಲರಿಗೂ ಹತ್ತಕ್ಕೆ ಹತ್ತು ಕೊಟ್ಟಿದ್ದೆ. ಮೈದಾನದಲ್ಲಿ ಐದು ಜನ, ಕಾಗದದಲ್ಲಿ ಮಾತ್ರ ಇಡೀ ತರಗತಿ ಆಟಗಾರ್ತಿಯರು.

ಬಾಗಿಲಲ್ಲಿ ನಿಂತು “ಊಟ ಆತೇನ್ರಿ?” ಎಂದು ಕೇಳಿದರೆ ಹಸಿದವರೂ “ಆತ್ರಿ” ಅನ್ನುತ್ತಾರೆ. ಒಳಗೆ ಕರೆದು ತಾಟು ಇಟ್ಟರೆ ತಾನೇ ನಿಜ ಗೊತ್ತಾಗುವುದು? ಹಾಗಂದುಕೊಂಡು ಒಂದು ಸಂಜೆ ಮಾಳವ್ವನ ಮನೆಗೆ ಹೊರಟೆ. ಮನೆಯವರೇ ಬೇಡ ಅಂದಿರಬೇಕು ಎಂದು ನನಗೆ ನಾನೇ ತೀರ್ಮಾನಿಸಿ, ಹೆಣ್ಣುಮಕ್ಕಳ ಸಮಾನತೆಯ ಮೇಲೆ ದಾರಿಯುದ್ದಕ್ಕೂ ಒಂದು ಭಾಷಣ ಕಟ್ಟಿಕೊಂಡಿದ್ದೆ.

“ಬರ್ರಿ ಅಕ್ಕಾರ, ಕುಂದ್ರಿ” ಎಂದು ಅವಳ ಆಯಿ, ಅಂದರೆ ಅಜ್ಜಿ, ಕಂಬಳಿ ಹಾಸಿದಳು. ಕೂರುವಷ್ಟರಲ್ಲಿ ಮೇಯಲು ಹೋದ ಕುರಿಗಳು ಬಂದವು. ದಿನವಿಡೀ ಮನೆಯಲ್ಲೇ ಉಳಿದಿದ್ದ ಮರಿಗಳು ಒಮ್ಮೆಗೇ ಅರಚತೊಡಗಿದವು. ಒಂದರ ಮರಿಯನ್ನು ಇನ್ನೊಂದು ಕುರಿ ಹತ್ತಿರ ಸೇರಿಸುವುದಿಲ್ಲ, ಒದೆಯುತ್ತದೆ. ಮಾಳವ್ವ ಒಂದೊಂದೇ ಮರಿಯನ್ನು ಎತ್ತಿ, ಅದರ ತಾಯಿಯನ್ನು ಗುರುತಿಸಿ, ಬಗ್ಗಿ, ತಿರುಗಿ, ನುಸುಳಿ ಮೊಲೆಗೆ ಬಿಡುತ್ತಿದ್ದಳು. ನನ್ನ ಕಣ್ಣಿಗೆ ಅದು ಅಪ್ಪಟ ಖೋ ಖೋ. ಬೆಣ್ಣೆ ಕೈಯಲ್ಲಿಟ್ಟುಕೊಂಡು ತುಪ್ಪಕ್ಕಾಗಿ ಊರೆಲ್ಲ ಅಲೆದವಳು ನಾನು.

ಭಾಷಣ ಶುರು ಮಾಡುವ ಮೊದಲೇ ಆಯಿ ಅಂದಳು: “ಆಟ ಬ್ಯಾಡ ಅಂದಾವ್ರು ಯಾರ್ರಿ? ನೀವು ಆಟ ಇಟ್ಟೀರಿ ಮರಿ ಬಿಡೂ ಹೊತ್ತಿನ್ಯಾಗ. ಖೋ ಖೋ ಅದ, ತಡೀರಿ ಅಂದ್ರ ಮರಿ ಕೇಳ್ತಾವೇನ್ರಿ?”

“ಮತ್ತ ಕಾಗದದಾಗ ಇದನ್ಯಾಕ ಬರೀಲಿಲ್ಲವ್ವಾ?” ಎಂದೆ ಮಾಳವ್ವನಿಗೆ.

“ನೀವು ಕೇಳಲಿಲ್ಲಲ್ರಿ ಅಕ್ಕಾರ. ಆಟದ ಮಹತ್ವ ಕೇಳೀರಿ.”

ಭಾಷಣ ನುಂಗಿಕೊಂಡು ಮನೆಗೆ ಬಂದೆ. ಮರುದಿನದಿಂದ ಪ್ರಶ್ನಾವಳಿ ಬಿಟ್ಟು, ಒಬ್ಬೊಬ್ಬ ಹುಡುಗಿಯ ಪಕ್ಕ ಕೂತು ಒಂದೇ ಪ್ರಶ್ನೆ ಕೇಳಿದೆ: ನಿನ್ನೆ ಸಂಜೆ ಐದರಿಂದ ಏಳರ ತನಕ ಏನು ಮಾಡಿದಿ? ಅಬ್ಬಾ, ಆಗ ನೋಡಿ ಅವರ ಬಾಯಿ ಬಿಚ್ಚಿದ್ದು! ಒಬ್ಬಳು ಮರಿ ಬಿಟ್ಟಿದ್ದಳು, ಇನ್ನೊಬ್ಬಳು ನೀರು ತಂದಿದ್ದಳು, ಮತ್ತೊಬ್ಬಳು ಕೂಲಿಗೆ ಹೋದ ಅವ್ವ ಬರುವ ತನಕ ರೊಟ್ಟಿ ಬಡಿದಿದ್ದಳು. ಅಸಂಗಿಯಿಂದ ಬರುವ ಸವಿತಾಳಿಗೆ ಶಾಲೆ ಬಿಟ್ಟ ಕೂಡಲೇ ಹೋಗುವ ಬಸ್ಸೇ ಕೊನೆಯದು. ಎಲ್ಲವನ್ನೂ ವಹಿಯಲ್ಲಿ ಬರೆದೆ. ‘ಆಸಕ್ತಿ ಇಲ್ಲ’ ಎಂದವಳು ಒಬ್ಬಳೂ ಇರಲಿಲ್ಲ.

ವಹಿ ಹಿಡಿದು ಮುಖ್ಯೋಪಾಧ್ಯಾಯರ ಮುಂದೆ ಕೂತೆ. ಆಟವನ್ನು ಬೆಳಗಿನ ಮೊದಲ ತಾಸಿಗೆ ತನ್ನಿ ಎಂದೆ. ಆ ತಾಸು ಗಣಿತದ್ದು, ಗಣಿತ ಅವರದೇ.

“ಗಣಿತ ಕಳದು ಖೋ ಖೋ ಕೂಡಸ್ತೀರೇನ್ರಿ?”

“ಕಳಿಯೂದಿಲ್ರಿ ಸರ್. ಗಣಿತ ಕಡೀ ತಾಸಿಗೆ ಹೋಗ್ಲಿ.”

“ಸಂಜಿಮುಂದ ಅದು ಯಾರ ತಲ್ಯಾಗ ಇಳೀತದ್ರಿ?”

“ಮುಂಜಾನಿ ಎಷ್ಟು ಇಳದದ ಅಂತ ಅದನ್ನೂ ಸಂಶೋಧನಾ ಮಾಡ್ಲೇನ್ರಿ?”

ಅವರು ವಹಿಯನ್ನು ಇನ್ನೊಮ್ಮೆ ಓದಿದರು. ಕೆಟ್ಟ ಮನುಷ್ಯರಲ್ಲ ಅವರು. ನನ್ನ ಹಾಗೆ ಕೇಳದೇ ತಿಳಿದುಕೊಂಡವರು, ಅಷ್ಟೇ. “ಸೋಮವಾರ ಒಂಬತ್ತು ಮಂದಿ ಮೈದಾನದಾಗ ಕಾಣಬೇಕು. ಇಲ್ಲಾಂದ್ರ ಟೀಮ್ ಇಲ್ಲ” ಎಂದರು.

ಸೋಮವಾರ ಪ್ರಾರ್ಥನೆ ಮುಗಿಯಿತು. ಮಾಳವ್ವ ಎಲ್ಲರಿಗಿಂತ ಮೊದಲು ಬಂದು ನಿಂತಿದ್ದಳು. ಎಣಿಸಿದೆ, ಎಂಟು. ಸವಿತಾಳ ಬಸ್ಸು ಇನ್ನೂ ಬಂದಿರಲಿಲ್ಲ. ಮುಖ್ಯೋಪಾಧ್ಯಾಯರು ಕಟ್ಟೆಯ ಮೇಲೆ ನಿಂತು ತಾವೂ ಎಣಿಸುತ್ತಿದ್ದರು.

“ಅಕ್ಕಾರ, ಸವಿತಾ ಬರೂತನಕ ನೀವು ಕುಂದ್ರಿ” ಎಂದಳು ಮಾಳವ್ವ.

“ನನಗ ಆಸಕ್ತಿ ಇಲ್ಲವ್ವಾ” ಎಂದು ಹಳೆಯ ಮಾತು ಬಾಯಿಗೆ ಬಂತು.

ಅವಳು ಸುಮ್ಮನಿರಲಿಲ್ಲ. “ನಮ್ಮಷ್ಟಿದ್ದಾಗ ನೀವು ಸಂಜಿ ಐದರಿಂದ ಏಳರ ತನಕ ಏನ್ ಮಾಡ್ತಿದ್ರಿ?”

ಇದಕ್ಕೆ ಯಾರನ್ನು ನೋಡಿ ಬರೆಯಲಿ? ತಮ್ಮನನ್ನು ಬಗಲಲ್ಲಿ ಎತ್ತಿಕೊಂಡು ಶಾಲೆಯ ಗೋಡೆಯ ಆಚೆ ನಿಂತು, ಆಟ ಮುಗಿಯುವ ತನಕ ನೋಡುತ್ತಿದ್ದೆ. ದಿನಾಲೂ ನೋಡುತ್ತಿದ್ದೆ. ನೆನಪಾದದ್ದೇ ತಡ, ಕಣ್ಣು ತುಂಬಿಬಂತು. ನನ್ನನ್ನೂ ಯಾರೂ ಕೇಳಿರಲಿಲ್ಲ.

ಸೆರಗು ಸಿಕ್ಕಿಸಿ ಸಾಲಿನಲ್ಲಿ ಕೂತೆ. “ಒಂಬತ್ತು ಆತ್ ಬಿಡ್ರಿ” ಎಂದು ಕಟ್ಟೆಯಿಂದ ದನಿ ಬಂತು. ಅಷ್ಟರಲ್ಲಿ ಮಾಳವ್ವನ ಅಂಗೈ ಫಟ್ಟನೆ ನನ್ನ ಬೆನ್ನಿಗೆ ಬಿತ್ತು: “ಖೋ!”

ಎದ್ದು ಓಡಿದೆ. ಮುಂದೆ ಯಾವ ಎಸ್.ಟಿ.ಯೂ ಇರಲಿಲ್ಲ.